ಎತ್ತರದ ನೆಲ ಮತ್ತು ಬೆರ್ರಿ ಹಣ್ಣಿನ ಸತ್ವ

ಕೇಳುಗರೆಲ್ಲರಿಗೂ ನಮಸ್ಕಾರ. ಬೆಟ್ಟದ ಮೇಲೆ ಬೆಳೆದ ಹಣ್ಣಿನಲ್ಲಿ ಸತ್ವ ಹೆಚ್ಚು ಎಂಬ ಮಾತು ನಮ್ಮಲ್ಲಿ ಬಳಕೆಯಲ್ಲಿದೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಚಿಕ್ಕಬಳ್ಳಾಪುರದಲ್ಲಿದ್ದು, 1,478 ಮೀಟರ್ ಎತ್ತರದ ನಂದಿಬೆಟ್ಟವನ್ನು ದಿನವೂ ನೋಡುವ ನಾವು ಆ ಮಾತನ್ನು ಪರಿಶೀಲಿಸುವುದು ಉಚಿತ. ಸಸ್ಯಶಾಸ್ತ್ರದ ಪ್ರಕಾರ ದ್ರಾಕ್ಷಿಯೂ ಬೆರ್ರಿಯೇ ಆದ್ದರಿಂದ ಇದು ನಮ್ಮ ತೋಟಗಳ ಪ್ರಶ್ನೆಯೂ ಹೌದು.

ಸಾವಿರ ಮೀಟರ್ ಮೇಲೇರಿದರೆ ಗಾಳಿಯ ಉಷ್ಣತೆ ಸರಾಸರಿ ಆರೂವರೆ ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ. ಸೂರ್ಯನ ಅತಿನೇರಳೆ ಕಿರಣಗಳು ಶೇಕಡ 10ರಿಂದ 12ರಷ್ಟು ಹೆಚ್ಚುತ್ತವೆ. ಎತ್ತರದ ಪ್ರಭಾವ ಹಣ್ಣಿಗೆ ತಲುಪುವುದು ಮುಖ್ಯವಾಗಿ ಈ ಎರಡು ದಾರಿಗಳಿಂದ. ಅತಿನೇರಳೆ ಕಿರಣಗಳಿಂದ ಜೀವಕೋಶಗಳನ್ನು ಕಾಪಾಡಿಕೊಳ್ಳಲು ಗಿಡವು ಹಣ್ಣಿನ ಸಿಪ್ಪೆಯಲ್ಲಿ ಕ್ವೆರ್ಸೆಟಿನ್‌ನಂಥ ಫ್ಲೇವನಾಲ್‌ಗಳೆಂಬ ರಕ್ಷಕ ವಸ್ತುಗಳನ್ನು ತಯಾರಿಸುತ್ತದೆ. ಕೆಂಪು, ನೀಲಿ, ನೇರಳೆ ಬಣ್ಣ ಕೊಡುವ ಆಂಥೋಸಯಾನಿನ್‌ಗಳು ಬಿಸಿಲಿನ ಹಗಲು ಮತ್ತು ತಂಪಾದ ರಾತ್ರಿ ಜೊತೆಯಾದಾಗ ಚೆನ್ನಾಗಿ ಕೂಡಿಬರುತ್ತವೆ. ಉಷ್ಣತೆ 35 ಡಿಗ್ರಿ ಮೀರಿದರೆ ಅವುಗಳ ತಯಾರಿಕೆ ಕುಗ್ಗುತ್ತದೆ, ಆಗಲೇ ತಯಾರಾದದ್ದೂ ಕರಗುತ್ತದೆ. ರಾತ್ರಿ ತಂಪಾಗಿದ್ದರೆ ಹಣ್ಣಿನ ಉಸಿರಾಟವೂ ನಿಧಾನವಾಗಿ, ಹುಳಿ ಕೊಡುವ ಮ್ಯಾಲಿಕ್ ಆಮ್ಲ ಬೇಗ ವ್ಯಯವಾಗದೆ ಉಳಿಯುತ್ತದೆ. ತಂಪು ನಾಡಿನ ದ್ರಾಕ್ಷಿಯಲ್ಲಿ ಸಿಹಿಯ ಜೊತೆಗೆ ಚುರುಕಾದ ಹುಳಿ ನಿಲ್ಲುವುದಕ್ಕೆ ಇದೇ ಕಾರಣ.

ಇಷ್ಟು ಕೇಳಿದ ಮೇಲೆ, ಎತ್ತರ ಹೆಚ್ಚಿದಷ್ಟೂ ಸತ್ವವೂ ಹೆಚ್ಚುತ್ತದೆ ಎಂದು ತೀರ್ಮಾನಿಸಬೇಕೆನಿಸುವುದು ಸಹಜ. ಆದರೆ ಆಸ್ಟ್ರಿಯಾದಲ್ಲಿ ಬಿಲ್ಬೆರ್ರಿ ಮತ್ತು ಎಲ್ಡರ್‌ಬೆರ್ರಿ ಎಂಬ ಗಾಢ ಬಣ್ಣದ ಸಣ್ಣ ಕಾಡುಹಣ್ಣುಗಳ ಮೇಲೆ ನಡೆದ ಒಂದು ಅಧ್ಯಯನದಲ್ಲಿ, ಎತ್ತರ ಏರಿದಂತೆ ಹಣ್ಣಿನ ಆಂಥೋಸಯಾನಿನ್ ಇಳಿದದ್ದು ಕಂಡುಬಂದಿತು. ತೀರ ಎತ್ತರದಲ್ಲಿ ಬೆಳೆಯ ಕಾಲವೇ ಚಿಕ್ಕದು, ಚಳಿ ಬೇಗ ಬರುತ್ತದೆ. ಹಣ್ಣು ಪೂರ್ತಿ ಮಾಗುವಷ್ಟು ಶಾಖ ಸಿಗದಿದ್ದರೆ ಬಿಸಿಲೊಂದೇ ಅದನ್ನು ತುಂಬಿಸಲಾರದು. ಇದರ ಜೊತೆಗೆ ಮಣ್ಣು, ಮಳೆ, ತಳಿ ಎಲ್ಲವೂ ಬೆಟ್ಟದಿಂದ ಬೆಟ್ಟಕ್ಕೆ ಬೇರೆಯಾಗಿರುತ್ತವೆ.

ಸಿ ಜೀವಸತ್ವದ ವಿಷಯದಲ್ಲಂತೂ ಎತ್ತರಕ್ಕಿಂತ ಹಣ್ಣಿನ ಜಾತಿಯೇ ದೊಡ್ಡದು. ಸುಮಾರು 3,500 ಮೀಟರ್ ಎತ್ತರದ ಲಡಾಖಿನ ಲೇಹ್ ಪ್ರದೇಶದ ಸೀಬಕ್‌ಥಾರ್ನ್ ಎಂಬ ಮುಳ್ಳುಪೊದೆಯ ಹುಳಿ ಹಣ್ಣು ಈ ಜೀವಸತ್ವಕ್ಕೆ ಹೆಸರಾಗಿದೆ; ಅದೇ ಜಾತಿಯ ಗಿಡ ಯುರೋಪಿನ ಕಡಲತೀರದ ಮರಳಿನಲ್ಲಿ ಬೆಳೆದಾಗಲೂ ಅದರ ಹಣ್ಣಿನಲ್ಲಿ ಸಿ ಜೀವಸತ್ವ ಸಮೃದ್ಧವಾಗಿಯೇ ಇರುತ್ತದೆ. ಬೆರ್ರಿಯ ಗುಂಪಿಗೆ ಸೇರದಿದ್ದರೂ ಒಂದು ಮಾತು ಹೇಳಬೇಕು: ನಮ್ಮ ಬೆಟ್ಟದ ನೆಲ್ಲಿಕಾಯಿಯಲ್ಲಿ ಸ್ಟ್ರಾಬೆರ್ರಿಗಿಂತ ಹಲವು ಪಟ್ಟು ಸಿ ಜೀವಸತ್ವವಿದೆ.

ನಮ್ಮ ಜಿಲ್ಲೆಯ ಬೆಂಗಳೂರು ಬ್ಲೂ ದ್ರಾಕ್ಷಿಯ ಗಾಢ ನೇರಳೆ ಬಣ್ಣಕ್ಕೆ ತಳಿಗುಣದ ಜೊತೆಗೆ ಈ ಮೈದಾನದ ತಂಪು ರಾತ್ರಿಗಳೂ ನೆರವಾಗುತ್ತವೆ ಎಂದು ನಾನು ಭಾವಿಸುತ್ತೇನೆ. ಆದರೆ ದ್ರಾಕ್ಷಿ, ಸ್ಟ್ರಾಬೆರ್ರಿಗಳು ಬಾಳೆ, ಮಾವುಗಳಂತೆ ಕಿತ್ತ ಮೇಲೆ ಮಾಗುವ ಹಣ್ಣುಗಳಲ್ಲ. ಮಾರುಕಟ್ಟೆಯ ಆತುರಕ್ಕೆ ಅರೆಬಲಿತ ಗೊಂಚಲನ್ನು ಕತ್ತರಿಸಿದರೆ ಹವೆಯಿಂದ ದೊರೆತ ಅನುಕೂಲವನ್ನು ತೋಟದಲ್ಲೇ ಬಿಟ್ಟು ಬಂದಂತೆ. ಪಾಲಿಹೌಸಿನಲ್ಲಿ ಸ್ಟ್ರಾಬೆರ್ರಿ ಬೆಳೆಯುವವರು ಹೊದಿಕೆಯ ಪ್ಲಾಸ್ಟಿಕ್ ಹಾಳೆ ಕೊಳ್ಳುವಾಗ ಅದು ಅತಿನೇರಳೆ ಕಿರಣಗಳನ್ನು ಎಷ್ಟರಮಟ್ಟಿಗೆ ತಡೆಯುತ್ತದೆ ಎಂದು ವಿಚಾರಿಸಬೇಕು. ಪೂರ್ತಿ ತಡೆಯುವ ಹಾಳೆಯ ಕೆಳಗೆ ಹಣ್ಣಿನ ಬಣ್ಣ ಮತ್ತು ಫ್ಲೇವನಾಲ್‌ಗಳು ಕಡಿಮೆಯಾಗಬಹುದು. ಕಿತ್ತ ಹಣ್ಣನ್ನು ಬೆಳಗಿನ ತಂಪಿನಲ್ಲೇ ನೆರಳಿಗೆ ಸಾಗಿಸಬೇಕು, ಏಕೆಂದರೆ ಬಿಸಿಲಿನಲ್ಲಿ ಕಾದ ಬುಟ್ಟಿಯಲ್ಲಿ ಮೊದಲು ನಷ್ಟವಾಗುವ ಅಂಶಗಳಲ್ಲಿ ಸಿ ಜೀವಸತ್ವವೂ ಒಂದು. ನಮಸ್ಕಾರ.