ಈ ಮಳೆಗೂ ಕಗ್ಗ ಬಿತ್ತಿ

ಕರಾವಳಿಯ ರೈತ ಬಂಧುಗಳಿಗೆ ನಮಸ್ಕಾರ. ಅಘನಾಶಿನಿ ಅಳಿವೆಯ ಗಜನಿ ಬೇಸಾಯದ ಬಗ್ಗೆ ಮಾತನಾಡಲು ನನ್ನನ್ನು ಕರೆದಿದ್ದಾರೆ. ನನ್ನದು ಒಂದೇ ಮಾತು: ಕಗ್ಗ ಭತ್ತ ಬಿತ್ತುವುದನ್ನು ಬಿಡಬೇಡಿ.

ಘಟ್ಟದ ಮೇಲೆ ಕೇಳುತ್ತಿರುವವರಿಗಾಗಿ ಹೇಳುತ್ತೇನೆ. ಕುಮಟಾ ತಾಲೂಕಿನ ಮಾಣಿಕಟ್ಟಾದಂಥ ಊರುಗಳಲ್ಲಿ ಹೊಳೆ ಕಡಲನ್ನು ಸೇರುವ ಕಡೆಯ ತಗ್ಗು ಗದ್ದೆಯೇ ಗಜನಿ. ಬೇಸಿಗೆಯಲ್ಲಿ ಉಪ್ಪುನೀರು, ಮಳೆಗಾಲದಲ್ಲಿ ಸಿಹಿನೀರು. ಅಲ್ಲಿ ನಿಲ್ಲುವ ಭತ್ತ ಕಗ್ಗ. ಕೆಂಪಕ್ಕಿ, ತೆನೆಗೆ ಮೀಸೆ. ಗೊಬ್ಬರ ಬೇಡ, ಔಷಧಿ ಬೇಡ.

"ಎಕರೆಗೆ ಎಷ್ಟು ಕ್ವಿಂಟಾಲ್?" ಪ್ರತಿ ಸಭೆಯಲ್ಲೂ ಇದೇ ಪ್ರಶ್ನೆ. ಉತ್ತರಿಸಿ ಸಾಕಾಗಿದೆ. ಅದರ ಬದಲು ಒಂದು ಪ್ರಸಂಗ ಕೇಳಿ.

ನಾನು ಕೆಲಸಕ್ಕೆ ಸೇರಿದ ಹೊಸತು. ಆಷಾಢದ ಹುಣ್ಣಿಮೆಯ ಉಬ್ಬರಕ್ಕೆ ಗಜನಿಯ ಕಟ್ಟು, ಅಂದರೆ ಒಡ್ಡು, ಒಡೆದು ಉಪ್ಪುನೀರು ಒಳಗೆ ನುಗ್ಗಿತ್ತು. ಒಂದು ಗದ್ದೆಯಲ್ಲಿ ನಾವೇ ಕೊಟ್ಟ ಸುಧಾರಿತ ತಳಿ, ಪಕ್ಕದಲ್ಲಿ ಒಬ್ಬ ಅಜ್ಜಿಯ ಕಗ್ಗ. ಐದನೆಯ ದಿನ ನೀರು ಇಳಿಯಿತು. ನಮ್ಮ ಸಸಿಗಳು ಬೆಂಕಿ ತಗುಲಿದಂತೆ ಕರಕಲಾಗಿದ್ದವು. ಕಗ್ಗವೂ ಕೆಸರು ಮೆತ್ತಿಕೊಂಡು ಮಲಗಿತ್ತು. ಎರಡೂ ಹಾಳು ಎಂದು ಬರೆದುಕೊಂಡೆ. ಅಜ್ಜಿ ಬುಡದ ಕೆಸರನ್ನು ನನ್ನ ಬೆರಳಿಗೆ ಹಚ್ಚಿ, "ನೆಕ್ಕಿ ನೋಡು ತಮ್ಮಾ" ಎಂದರು. ಬರಿಯ ಉಪ್ಪು! "ಇದಕ್ಕೆ ಇದು ಹೊಸತಲ್ಲ. ಎಂಟು ದಿನ ಬಿಟ್ಟು ಬಾ, ಆಮೇಲೆ ಬರೆ." ಎಂಟು ದಿನ ಬಿಟ್ಟು ಹೋದೆ. ಗದ್ದೆ ತುಂಬ ಹಸಿರು ಎದ್ದು ನಿಂತಿತ್ತು. ಬರೆದದ್ದನ್ನು ಅವರ ಎದುರೇ ಹೊಡೆದುಹಾಕಿದೆ. ಕೊಯ್ಲಿಗೂ ಹೋದೆ, ಮೊಣಕಾಲ ನೀರಿನಲ್ಲಿ ನಿಂತು ತೆನೆಯನ್ನಷ್ಟೇ ಕೊಯ್ಯುತ್ತಿದ್ದರು. ಈಗ ಹೇಳಿ, ಬೇರೆ ಯಾವ ಭತ್ತ ಆ ಗದ್ದೆಯಲ್ಲಿ ತೆನೆ ಕೊಟ್ಟೀತು?

ಸಮಯ ಕಡಿಮೆ ಇದೆ, ಬೇಗ ಹೇಳುತ್ತೇನೆ. ತೆನೆ ಕೊಯ್ದು ಬಿಟ್ಟ ಹುಲ್ಲು ನೀರಿನಲ್ಲಿ ಕೊಳೆತು ಶೆಟ್ಲಿ (ಸಿಗಡಿ), ಮೀನುಗಳಿಗೆ ಮೇವಾಗುತ್ತದೆ. ವರ್ಷವಿಡೀ ಉಪ್ಪುನೀರು ನಿಲ್ಲಿಸಿ ಶೆಟ್ಲಿಯೊಂದನ್ನೇ ನೆಚ್ಚಿದವರು ಇದನ್ನು ಗಮನಿಸಬೇಕು. ಕಟ್ಟಿನ ಹೊರಗಿನ ಕಾಂಡ್ಲ (ಮ್ಯಾಂಗ್ರೋವ್) ಗಿಡ ಕಡಿಯಬೇಡಿ, ಅಲೆಯ ಹೊಡೆತವನ್ನು ಅದೇ ತಡೆಯುತ್ತದೆ.

ಕಗ್ಗಕ್ಕೆ ಬರುತ್ತೇನೆ. ಮೊದಲ ಮಳೆ ಮಣ್ಣಿನ ಉಪ್ಪನ್ನು ತೊಳೆದ ಮೇಲೆ ಮೊಳಕೆ ಬರಿಸಿದ ಬೀಜ ಬಿತ್ತಿ. ಗಜನಿಗೆ ಕಟ್ಟು ಒಂದೇ, ನೀರಿನ ಬಾಗಿಲೂ ಎಲ್ಲರಿಗೂ ಸೇರಿದ್ದು, ಒಬ್ಬರೇ ಬಿತ್ತಲಾಗದು. ಇಂದು ಸಂಜೆಯೇ ಪಕ್ಕದ ಗದ್ದೆಯವರನ್ನು ಕಂಡು ಮಾತನಾಡಿ. ಬೀಜ ಇಲ್ಲದಿದ್ದರೆ ಅವರಲ್ಲೇ ಕೇಳಿ. ಹತ್ತು ಸೇರು ಸಿಕ್ಕರೂ ಸರಿ, ಬಿತ್ತಿ. ನಮಸ್ಕಾರ.