ಪಪ್ಪಾಯಿ ತೋಟದ ಬಿಳಿ ಹಿಟ್ಟು, ನಾವು ಬರೆದಿಡದ ಲೆಕ್ಕ

ಬೆಳೆಗಾರ ಬಂಧುಗಳೇ,

ಪಪ್ಪಾಯಿಯನ್ನು ಆರಡಿಗೆ ಆರಡಿಯಂತೆ ನೆಟ್ಟರೆ ಎಕರೆಗೆ ಸುಮಾರು 1,200 ಗಿಡ ಹಿಡಿಯುತ್ತವೆ. ಸಸಿ, ಗೊಬ್ಬರ, ಡ್ರಿಪ್ ಪೈಪು, ಕಳೆ ಕೀಳುವವರ ಕೂಲಿ, ಎಲ್ಲವನ್ನೂ ಮೊದಲ ಎಂಟೊಂಬತ್ತು ತಿಂಗಳು ಕೈಯಿಂದಲೇ ಹಾಕಬೇಕು. ಆ ದುಡ್ಡು ತಿರುಗಿ ಬರಬೇಕಾದ ಹೊತ್ತಿಗೆ ಹಿಟ್ಟು ತಿಗಣೆ, ಅಂದರೆ ಬಿಳಿ ಪುಡಿ ಮೆತ್ತಿದಂತೆ ಕಾಣುವ, ಗಿಡದ ರಸ ಹೀರುವ ಕೀಟ, ಬಿದ್ದರೆ, ಹೋಗುವುದು ಆ ವಾರದ ಕಟಾವಷ್ಟೇ ಎಂದುಕೊಳ್ಳಬೇಡಿ. ಸಾಲದ ಬಡ್ಡಿ ಗಿಡದ ಜೊತೆ ಒಣಗುವುದಿಲ್ಲ.

ಈ ತಿಗಣೆ ನಮ್ಮ ನೆಲದ್ದಲ್ಲ. ಮೆಕ್ಸಿಕೊ, ಮಧ್ಯ ಅಮೆರಿಕ ಅದರ ತವರು. 1990ರ ದಶಕದಲ್ಲಿ ಕೆರಿಬಿಯನ್ ದ್ವೀಪಗಳಿಗೆ ಹಬ್ಬಿ, 1998ರಲ್ಲಿ ಫ್ಲಾರಿಡಾದಲ್ಲಿ ಕಂಡು, 2008ರಲ್ಲಿ ಕೊಯಮತ್ತೂರಿನ ತೋಟಗಳಲ್ಲಿ ಕಾಣಿಸಿಕೊಂಡಿತು. ಆಮೇಲೆ ನಮ್ಮ ಕಡೆಗೂ ಬಂತು. ತವರಿನಲ್ಲಿ ಅದನ್ನು ತಿಂದು ಹದ್ದುಬಸ್ತಿನಲ್ಲಿಡುವ ಜೀವಿಗಳಿವೆ. ಇಲ್ಲಿಗೆ ಅದೊಂದೇ ಬಂತು.

ಎಲೆ ಮಗುಚಿ ನೋಡಿದವರಿಗೆ ಗೊತ್ತು. ನರಗಳ ಉದ್ದಕ್ಕೂ ಬಿಳಿ ಹತ್ತಿ ಒತ್ತಿದ ಹಾಗೆ. ಬೆರಳಿಟ್ಟರೆ ಅಂಟು, ಉಜ್ಜಿದರೆ ಹಳದಿ ರಸ. ಒಂದೊಂದು ಹೆಣ್ಣೂ ಹತ್ತಿಯಂಥ ಚೀಲದಲ್ಲಿ ನೂರಾರು ಮೊಟ್ಟೆ ಇಡುತ್ತದೆ. ಮೈಮೇಲಿನ ಮೇಣದ ಪುಡಿಯನ್ನು ದಾಟಿ ಔಷಧಿ ಒಳಗಿಳಿಯುವುದು ಕಷ್ಟ. ಅದು ಸುರಿಸುವ ಸಿಹಿ ಅಂಟಿನ ಮೇಲೆ ಕಪ್ಪು ಬೂಷ್ಟು ಬೆಳೆಯುತ್ತದೆ, ಇರುವೆ ಸಾಲುಗಟ್ಟುತ್ತದೆ. ಹಣ್ಣಿನ ತಿರುಳು ಚೆನ್ನಾಗಿದ್ದರೂ ವ್ಯಾಪಾರಿ ಒಮ್ಮೆ ಎತ್ತಿ ನೋಡಿ ಬದಿಗಿಡುತ್ತಾನೆ.

ಆಗ ನಾವು ಮಾಡುವುದು ಒಂದೇ, ಔಷಧಿ ಹೊಡೆಯುವುದು. ಬಾಟಲಿಯ ರಸೀದಿ ಜೇಬಿನಲ್ಲಿರುತ್ತದೆ. ಹೊಡೆದವನ ಕೂಲಿಯೂ ನೆನಪಿರುತ್ತದೆ. ಅದೇ ಔಷಧಿಗೆ ಸತ್ತ ಗುಲಗಂಜಿ ಹುಳುಗಳಿಗೆ ರಸೀದಿ ಎಲ್ಲಿದೆ? ತಿಗಣೆ ತಿನ್ನುವ ಅವು ಹೋದ ಮೇಲೆ, ಮೇಣದ ಮರೆಯಲ್ಲಿ ಉಳಿದ ತಿಗಣೆಗೆ ತೋಟ ಇನ್ನಷ್ಟು ಸಲೀಸು. ಪಕ್ಕದ ಹೊಲದ ಹಿಪ್ಪುನೇರಳೆಗೂ ಇದೇ ತಿಗಣೆ ಹತ್ತುತ್ತದೆ. ಅಲ್ಲಿ ಔಷಧಿ ಹೊಡೆದರೆ ಆ ಸೊಪ್ಪು ರೇಷ್ಮೆ ಹುಳುವಿಗೆ ವಿಷ. ಒಂದು ಪಪ್ಪಾಯಿ ಗಿಡವನ್ನೂ ನೆಡದ ರೇಷ್ಮೆ ಬೆಳೆಗಾರ ಈ ನಷ್ಟದಲ್ಲಿ ಪಾಲುದಾರನಾದ. ಬದುವಿನ ಮೇಲಿನ ಪಾರ್ಥೇನಿಯಂ ಕಳೆಯಲ್ಲೂ ತಿಗಣೆ ಬದುಕುತ್ತದೆ, ಹಾಗಾಗಿ ಒಬ್ಬರು ತೋಟ ಶುಚಿ ಮಾಡಿಕೊಂಡರೆ ಮುಗಿಯುವ ಕೆಲಸ ಇದಲ್ಲ.

ಮುಗಿಸಿದ್ದು ಒಂದು ಕಣಜದ ಹುಳು. 2010ರ ಜುಲೈನಲ್ಲಿ ಪೋರ್ಟೊ ರಿಕೊದಿಂದ, ಅಮೆರಿಕದ ಕೃಷಿ ಇಲಾಖೆಯ ನೆರವಿನಿಂದ, ಮೂರು ಜಾತಿಯ ಪುಟ್ಟ ಕಣಜಗಳು ಬೆಂಗಳೂರಿನ ಹೆಬ್ಬಾಳದ ಕೀಟ ಸಂಶೋಧನಾ ಸಂಸ್ಥೆಗೆ ಬಂದವು. ಬೇರೆ ಉಪಯುಕ್ತ ಜೀವಿಗಳಿಗೆ ತೊಂದರೆ ಮಾಡುವುದಿಲ್ಲ ಎಂದು ಖಾತ್ರಿಯಾದ ಮೇಲೆ ಅಕ್ಟೋಬರಿನಿಂದ ತೋಟಗಳಿಗೆ ಬಿಟ್ಟರು, ತಮಿಳುನಾಡಿನಲ್ಲಿ, ಕರ್ನಾಟಕದಲ್ಲಿ, ಮಹಾರಾಷ್ಟ್ರದಲ್ಲಿ. ಅವುಗಳಲ್ಲಿ ಹೆಚ್ಚು ಕೆಲಸ ಮಾಡಿದ್ದು ಅಸೆರೊಫಾಗಸ್ ಪಪಾಯೆ ಎಂಬ ಜಾತಿ. ತಿಗಣೆಯ ಮೈಯೊಳಗೇ ಮೊಟ್ಟೆಯಿಡುತ್ತದೆ, ಮರಿ ಒಳಗಿನಿಂದ ತಿಂದು ಬೆಳೆಯುತ್ತದೆ. ಪಪ್ಪಾಯಿ, ಹಿಪ್ಪುನೇರಳೆ, ಮರಗೆಣಸು ಮುಂತಾದ ಬೆಳೆಗಳನ್ನು ಲೆಕ್ಕ ಹಾಕಿ 2014ರಲ್ಲಿ ಪ್ರಕಟವಾದ ಒಂದು ಅಧ್ಯಯನ, ಮೊದಲ ವರ್ಷದ ಲಾಭವೇ ಕನಿಷ್ಠ 12 ಕೋಟಿ ಡಾಲರ್ ಎಂದಿತು.

ಇಂಥ ಕಣಜವನ್ನು ಯಾವ ರೈತನೂ ಒಬ್ಬನೇ ತರಿಸಲಾರ. ಬಿಟ್ಟ ಮೇಲೆ ತಾನೇ ಮರಿ ಮಾಡಿಕೊಂಡು ಬೇಲಿ ದಾಟಿ ಹೋಗುವುದನ್ನು ಯಾವ ಕಂಪನಿ ತಾನೇ ಮಾರೀತು? ಇದು ಸಾರ್ವಜನಿಕ ಹಣದಿಂದಲೇ ಆಗುವ ಕೆಲಸ. 2008ರಿಂದ 2010ರವರೆಗೆ ಪರಿಹಾರ ಬರುವ ತನಕ ನಷ್ಟ ಹೊತ್ತವರು ಬೆಳೆಗಾರರು. ಬಂದರು, ವಿಮಾನ ನಿಲ್ದಾಣಗಳಲ್ಲಿ ಸಸಿ ತಪಾಸಣೆಗೆ, ಕೀಟಶಾಸ್ತ್ರದ ಪ್ರಯೋಗಾಲಯಗಳಿಗೆ ಕೊಡುವ ಹಣವನ್ನು ಖರ್ಚೆಂದು ಕಡಿತ ಮಾಡುವವರ ಮುಂದೆ ಈ ಎರಡು ವರ್ಷದ ಲೆಕ್ಕವನ್ನು ನಾವು ಇಡಬೇಕು.

ಇಲ್ಲಿ ಮೇಜಿನ ಮೇಲೆ ಒಂದು ಎಲೆ, ಒಂದು ಭೂತಗನ್ನಡಿ ಇಟ್ಟಿದ್ದೇನೆ. ಬಿಳಿ ಹಿಟ್ಟಿನ ನಡುವೆ ಕಂದು ಬಣ್ಣದ, ಗಟ್ಟಿಯಾದ, ತುದಿಯಲ್ಲಿ ದುಂಡು ತೂತಿರುವ ಕಾಳಿನಂಥವು ಕಾಣುತ್ತವೆ. ಕಣಜ ಹೊರಬಂದ ಬಾಗಿಲು ಅದು. ನಿಮ್ಮ ತೋಟದಲ್ಲಿ ಅಂಥವು ಕಂಡ ದಿನ ಔಷಧಿ ಹೊಡೆಯಬೇಡಿ. ಬನ್ನಿ, ಒಬ್ಬೊಬ್ಬರಾಗಿ ನೋಡಿ.