ಟೊಂಕ, ಹೆಡಕು, ಮುಂಗೈ: ಬೀದರ್ ರೈಡ್ ಆದಮ್ಯಾಲ ಯಾವುದಕ್ಕ ಏನು ಮಾಡ್ಬೇಕು

ನಮಸ್ಕಾರ್ರಿ ಎಲ್ಲಾರಿಗೂ. ಕ್ಯಾಮೆರಾ ಚಾಲೂ ಅದ, ಗಾಡಿ ಸ್ಟ್ಯಾಂಡ್ ಮ್ಯಾಲ ಅದ, ಇಳಿಯೋದು ನೀವೇ ನೋಡ್ಲತ್ತೀರಿ. ಬಲಗಾಲು ಸೀಟ್ ದಾಟಿ ಈಚಿಗಿ ಬರ್ಲಾಕ ಎಷ್ಟು ಹೊತ್ತು ಹಿಡೀತು ನೋಡ್ರಿ. ಇವತ್ತಿನ ಮಾತೆಲ್ಲ ಅದರ ಮ್ಯಾಲೇ. ಕಲಬುರಗಿ, ಕಮಲಾಪುರ, ಹುಮನಾಬಾದ್, ಬೀದರ್, ಹೊಳ್ಳಿ ಅದೇ ರೋಡ್ ಹಿಡದು ವಾಪಸ್. ಹತ್ತಿರ ಹತ್ತಿರ 220 ಕಿಲೋಮೀಟರ್. ರೋಡಿನ ವಿಡಿಯೋ ಹಿಂದ ಓಡ್ಲತ್ತದ, ಅದನ್ನೇನು ಬಿಡಿಸಿ ಹೇಳಂಗಿಲ್ಲ.

"ಸುಮ್ನ ಕುಂತು ಬಂದೀರಿ, ಮೈ ಯಾಕ ನೋಯ್ತದ?" ಅಂತ ಮನ್ಯಾಗ ಕೇಳ್ತಾರ. ಸುಮ್ನ ಕುಂತಿದ್ದಕ್ಕೇ ನೋಯ್ತದರಿ. ನಡಿಯೋವಾಗ ಸ್ನಾಯು ಒಮ್ಮೆ ಬಿಗಿತದ, ಒಮ್ಮೆ ಸಡಲ ಆಗ್ತದ, ರಕ್ತ ಓಡಾಡ್ತದ. ಗಾಡಿ ಮ್ಯಾಲ ಟೊಂಕ, ಹೆಡಕು, ಭುಜ ತಾಸುಗಟ್ಲೆ ಬಿಗಿ ಹಿಡಕೊಂಡೇ ಇರ್ತಾವ. ಬಿಗಿದಿದ್ದ ಸ್ನಾಯುವಿನಾಗ ರಕ್ತ ಬರೋಬ್ಬರಿ ಹರಿಯಂಗಿಲ್ಲ. ಅದರ ಮ್ಯಾಲ ಇಂಜಿನ್ನಿನ ನಡುಕ, ರೋಡಿನ ಕುಲುಕು, ತಲಿ ಮ್ಯಾಲ ಒಂದೂವರೆ ಕಿಲೋದ ಹೆಲ್ಮೆಟ್.

ಅದಕ್ಕ ಗಾಡಿ ಇಳದ ಕೂಡ್ಲೇ ಹಾಸಿಗಿ ಮ್ಯಾಲ ಬೀಳಬ್ಯಾಡ್ರಿ. ಎಲ್ಲಾರೂ ಮಾಡೋದು ಅದೇ, ಮುಂಜಾನಿ ಎದ್ದು ಸೆಟದು ನಿಂದ್ರೋದೂ ಅದಕ್ಕೇ. ಮೊದಲ 15 ನಿಮಿಷ ಸಾವಕಾಶ ನಡೀರಿ. ಈ ಶಾಟ್ ಅಪ್ಪನ ಕೆರಿ ಕಡಿದು. ಸಂಜಿಕ ಇಲ್ಲಿ ನಡಿಯೋರು ಭಾಳ ಮಂದಿ, ಭಜಿ ವಾಸನಿನೂ ಬರ್ತದ... ಅದು ಬ್ಯಾರೆ ವಿಷಯ ಬಿಡ್ರಿ. ನಡಿಯೋವಾಗ ಕೈ ಜೋತು ಬಿಟ್ಟು ಬೀಸ್ರಿ, ಕಿಸೆದಾಗ ಇಡಬ್ಯಾಡ್ರಿ. ಭುಜ ಸಡಲ ಆಗೋದು ಕೈ ಬೀಸಿದ್ರೇ.

ನಡಿಯೋ ಮುಂದ ನೀರು. ನಮ್ಮ ಕಡಿ ಏಪ್ರಿಲ್-ಮೇದಾಗ 40 ಡಿಗ್ರಿ ದಾಟ್ತದ. ಆ ಬಿಸಿಲಾಗ ಗಾಡಿ ಮ್ಯಾಲ ಬಡಿಯೋ ಗಾಳಿ ಮೈ ತಣ್ಣಗ ಮಾಡಂಗಿಲ್ಲ, ಕಾಯಸ್ತದ. ಬೆವರು ಬಂದಿದ್ದೂ ಗೊತ್ತಾಗಂಗಿಲ್ಲ, ಗಾಳಿಗಿ ಆರಿ ಹೋಗಿರ್ತದ. ಅರ್ಧ ತಲಿನೋವು, ಅರ್ಧ ಸುಸ್ತು ಅದರದೇ. ಮೂತ್ರ ದಟ್ಟ ಹಳದಿ ಇತ್ತಂದ್ರ ನೀರು ಸಾಲಿಲ್ಲ ಅಂತ ತಿಳ್ಕೋರಿ. ಓಆರ್‌ಎಸ್ ತಗೊಂಡ್ರ ಪಾಕೀಟಿನ ಹಿಂದ ಓದ್ರಿ. ದೊಡ್ಡ ಪಾಕೀಟು 1 ಲೀಟರಿಗಿ, ಸಣ್ಣದು 200 ಎಂಎಲ್‌ಗಿ. ದೊಡ್ಡ ಪಾಕೀಟು ಒಂದು ಗ್ಲಾಸ್ ನೀರಿಗಿ ಸುರಿದು ಕುಡದ್ರ ಉಪ್ಪು ಅತಿ ಆಗಿ ಹೊಟ್ಟಿ ಕೆಡ್ತದ. ಪಾಕೀಟು ಇಲ್ಲಂದ್ರ 1 ಲೀಟರ್ ನೀರು, 6 ಸಪಾಟ ಚಮಚ ಸಕ್ಕರಿ, ಅರ್ಧ ಚಮಚ ಉಪ್ಪು. ಚಮಚ ಅಂದ್ರ ಚಾ ಚಮಚ. ಬಿಪಿ ಇದ್ದೋರು ಉಪ್ಪಿನ ಲೆಕ್ಕ ಡಾಕ್ಟರ್ ಕಡಿ ಕೇಳ್ಕೋರಿ, ಶುಗರ್ ಇದ್ದೋರು ಸಕ್ಕರಿದು.

ಕಮಲಾಪುರದಾಗ ಕೆಂಪು ಬಾಳಿಹಣ್ಣು ಕಾಣ್ಸಲತ್ತಾವ ನೋಡ್ರಿ. ಇದಕ್ಕ ಜಿಐ ಟ್ಯಾಗ್, ಅಂದ್ರ ಇದು ಈ ಊರಿನದೇ ಮಾಲು ಅನ್ನೋ ಸರ್ಕಾರಿ ಗುರುತು ಅದ. ತಿನ್ಲಾಕ ಭಾಳ ಚಲೋ. ಆದ್ರ "ಬಾಳಿಹಣ್ಣು ತಿಂದ್ರ ಸೆಳವು ಬರಂಗಿಲ್ಲ" ಅಂತ ಹೇಳ್ತಾರಲ್ಲ, ಅಷ್ಟು ಸಲೀಸಿಲ್ಲ ಅದು. ತಿಂದ ಹತ್ತು ನಿಮಿಷಕ್ಕ ಕಾಲು ಸೆಳಿಯೋದು ನಿಂದ್ರಂಗಿಲ್ಲ. ಹಸಿವಿಗಿ ತಿನ್ರಿ, ರುಚಿಗಿ ತಿನ್ರಿ. ಸೆಳವಿಗಿ ಪಾದ ಮ್ಯಾಲ ಜಗ್ಗಿ ಹಿಡೀರಿ, ಬಿಡ್ತದ.

ಹಾಂ, ಶಾಟ್ ಮುಗೀತು. ಸ್ನಾನ. ಐಸ್ ಹಚ್ಚಬೇಕೋ, ಬಿಸಿ ಕೊಡಬೇಕೋ? ಎಲ್ಲರ ಬಡಿದು ಬಾತಿದ್ರ ಐಸ್, ಬಟ್ಟಿದಾಗ ಸುತ್ತಿ 15 ನಿಮಿಷ, ಮೊದಲ ಎರಡು ದಿನ. ಬರೇ ಬಿಗಿ ಹಿಡದಿದ್ರ ಬಿಸಿ. ಬೇಸಿಗಿದಾಗ ನಮ್ಮ ಊರಾಗ ಮಧ್ಯಾಹ್ನ ಟಾಕಿ ನೀರು ಕಾದೇ ಬರ್ತದ, ಗೀಸರ್ ಬ್ಯಾಡ. ಬಿಸಿನೀರಿನ ಚೀಲ ಇಡ್ತಿದ್ರ ಟವೆಲ್ ಸುತ್ತಿ 15ರಿಂದ 20 ನಿಮಿಷ, ಆಮ್ಯಾಲ ತೆಗೀರಿ. ಅದರ ಮ್ಯಾಲ ಮಲಗಿ ನಿದ್ದಿ ಹತ್ತಿದ್ರ ಚರ್ಮ ಸುಡ್ತದ. ಮತ್ತ ನೋವಿನ ಮುಲಾಮು ತಿಕ್ಕಿ ಅದರ ಮ್ಯಾಲ ಬಿಸಿ ಚೀಲ ಇಡೋದು ಬಿಲ್ಕುಲ್ ಬ್ಯಾಡ. ಅದರಾಗ ಮೆಂಥಾಲ್, ಮಿಥೈಲ್ ಸ್ಯಾಲಿಸಿಲೇಟ್ ಇರ್ತಾವ, ಬಿಸಿ ತಾಕಿದ್ರ ಬೊಬ್ಬಿ ಏಳ್ತಾವ. ಎರಡರಾಗ ಒಂದು ಮಾಡ್ರಿ.

ಇನ್ನೊಂದು. ಈ ನೋವು ಇಳದ ದಿನ ಪೂರಾ ಗೊತ್ತಾಗಂಗಿಲ್ಲ. ಎರಡನೇ, ಮೂರನೇ ದಿನ ಏರ್ತದ, ಆಮ್ಯಾಲ ಇಳಿತದ. ಅದಕ್ಕ ಮರುದಿನ ಮುಂಜಾನಿ "ಏನೂ ಆಗಿಲ್ಲ ನೋಡು" ಅಂತ ಜಿಮ್ಮಿಗಿ ಓಡಬ್ಯಾಡ್ರಿ.

ಈಗ ಸೀಟ್. ಇದ್ರ ಮ್ಯಾಲ ಜರಾ ಹೊತ್ತು ನಿಂದ್ರೋಣು, ಯಾಕಂದ್ರ ಎಲ್ಲಾರೂ ರೊಕ್ಕ ಹಾಳ ಮಾಡೋದು ಇಲ್ಲೇ. ಈ ಜೆಲ್ ಪ್ಯಾಡ್ ನೋಡ್ರಿ. ಕರೀ ಬಟ್ಟಿ, ಕೆಳಗ ಎರಡು ಬೆಲ್ಟ್, ಒಳಗ ಮೆತ್ತಗ ಜೆಲ್. ಅಂಗಡಿದಾಗ ಹೆಬ್ಬೆರಳಿಂದ ಒತ್ತಿದ್ರ ಆಹಾ ಅನಸ್ತದ, ಸಾವಿರ ರೂಪಾಯಿ ಕಿಸೆದಿಂದ ತಾನೇ ಹೊರಗ ಬರ್ತದ. ಈಗ ಇದನ್ನ ಹಾಕಿ ಗಾಡಿ ಹುಮನಾಬಾದ್ ಹೊಟೇಲಿನ ಮುಂದ ಬಿಸಿಲಾಗ ಅರ್ಧ ತಾಸು ನಿಂದ್ರಿಸಿ ಚಾ ಕುಡದು ಬರ್ರಿ. ರೊಟ್ಟಿ ಬೇಯಿಸೋ ಹಂಚಾಗಿರ್ತದ. ಜೆಲ್ ಒಮ್ಮೆ ಕಾದ್ರ ಲಗೂನ ಆರಂಗಿಲ್ಲ, ಫೋಮ್ ಆದ್ರೂ ಆರ್ತದ. ಹತ್ತು ಕಿಲೋಮೀಟರ್ ತನಕ ಕಾಲ ಮ್ಯಾಲ ಎದ್ದು ನಿಂತೇ ಗಾಡಿ ಹೊಡೀಬೇಕು.

ಬಿಸಿ ಒಂದೇ ಅಲ್ಲ. ಪ್ಯಾಡ್ ಹಾಕಿದ್ರ ಸೀಟ್ ಸುಮಾರು ಒಂದು ಇಂಚು ಎತ್ತರ ಆಗ್ತದ. ಗಿಡ್ಡ ಇದ್ದೋರಿಗಿ ಸಿಗ್ನಲ್‌ದಾಗ ತುದಿಗಾಲ ಮ್ಯಾಲ ನಿಂದ್ರೋ ಫಜೀತಿ. ಬೆಲ್ಟ್ ಎಷ್ಟು ಬಿಗದ್ರೂ ಬ್ರೇಕ್ ಹಿಡದಾಗ ಪ್ಯಾಡ್ ಮುಂದ ಜಾರ್ತದ, ಅದರ ಜೋಡಿ ನೀವೂ ಟ್ಯಾಂಕಿಗಿ ಹೋಗಿ ತಾಕ್ತೀರಿ. ಹೊಳ್ಳಿ ಹಿಂದ ಸರಕೊಳ್ಳಾಕ ಹ್ಯಾಂಡಲ್ ಒತ್ತಿ ದೂಡ್ತೀರಿ, ಮುಂಗೈ ನೋವು ಅಲ್ಲಿಂದ ಚಾಲೂ. ಮತ್ತ ಮೆತ್ತಗಿದ್ದಷ್ಟೂ ಚಲೋ ಅನ್ನೋದೇ ಸುಳ್ಳು. ಕುಂತಾಗ ಭಾರ ಬೀಳೋದು ಕುಂಡಿದಾಗಿನ ಎರಡು ಎಲುಬಿನ ಮ್ಯಾಲ. ಮೆತ್ತಂದು ಇದ್ರ ಅವು ಒಳಗ ಇಳದು ತಳ ಮುಟ್ತಾವ, ಸುತ್ತಲಿನ ಮಾಂಸ ಬ್ಯಾರೆ ಒತ್ತಿಸಿಕೊಂಡು ಜುಮ್ಮು ಹಿಡಿತದ. ಎರಡು ನಿಮಿಷ ಕುಂತು ನೋಡಿ ತಗೊಂಡ ಸೀಟ್ ಎರಡು ತಾಸಿಗಿ ಹಿಂಗೇ ಕೈ ಕೊಡ್ತದ.

ಇದಕ್ಕ ಬದಲಿ ಸೀಟ್ ಕವರ್ ಹೊಲಿಯೋರ ಕಡಿ ಹೋಗ್ರಿ. ಮೊದಲು ಹಳೇ ಫೋಮ್ ಹೆಬ್ಬೆರಳಿಂದ ಜೋರ್ ಒತ್ತಿ ನೋಡ್ರಿ. ತಳದ ಪ್ಲಾಸ್ಟಿಕ್ ಕೈಗಿ ಹತ್ತಿದ್ರ ಫೋಮ್ ಸತ್ತದ. ಹೈ ಡೆನ್ಸಿಟಿ ಫೋಮ್ ಹಾಕಂತ ಹೇಳ್ರಿ, ಹಾಸಿಗಿ ಫೋಮ್ ಬ್ಯಾಡ. ಎತ್ತರ ಏರಿಸೋದು ಬ್ಯಾಡ. ಮುಂದ ಇಳಿಜಾರ ಇದ್ದಿದ್ದು ಸಪಾಟ ಮಾಡಸ್ರಿ. ಹೊಲಿಗಿ ಕುಂಡ್ರೋ ಜಾಗದ ನಡುವ ಬರಬಾರದು. ಮ್ಯಾಲ ಜಾಳಿಗಿ ಕವರ್ ಹಾಕಿದ್ರ ಗಾಳಿ ಆಡ್ತದ, ಬೇಸಿಗಿಗಿ ಅದೇ ಖರೇ ಮಾಲು. ಹಾಂಗಂತ ಜೆಲ್ ಪೂರಾ ಬಿಸಾಡ್ರಿ ಅನ್ನಂಗಿಲ್ಲ. ಡಿಸೆಂಬರ್‌ದಾಗ ಬೀದರ್ ಚಳಿದಾಗ ಮುಂಜಾನಿ ಹೊಂಟ್ರ ಪರವಾಗಿಲ್ಲ, ಕಾಯೋ ಪ್ರಶ್ನಿನೇ ಇಲ್ಲ. ನೆರಳಾಗ ಗಾಡಿ ನಿಂದ್ರಿಸೋರಿಗೂ ನಡಿತದ. ಸರಿ ಬಿಡ್ರಿ, ಜೆಲ್ ಕೆಟ್ಟದ್ದಲ್ಲ, ನಮ್ಮ ಬಿಸಿಲು ಕೆಟ್ಟದ್ದು.

ತೊಡಿ ಒಳಗ ಉರಿ, ಕೆಂಪ ಆಗಿದ್ರ ಅದು ಸೀಟಿನ ತಪ್ಪಲ್ಲ, ಪ್ಯಾಂಟಿನ ದಪ್ಪ ಹೊಲಿಗಿ, ಬೆವರು ಹಿಡದ ಕಾಟನ್ ಚಡ್ಡಿ. ತೊಳದು, ಒತ್ತಿ ಒರಸಿ, ಪೆಟ್ರೋಲಿಯಂ ಜೆಲ್ಲಿ ತೆಳ್ಳಗ ಹಚ್ರಿ. ಮುಂದಿನ ಸಲ ಹೊಂಡೋಕಿಂತ ಮೊದಲೇ ಹಚ್ರಿ.

ಬಾಲದೆಲುಬಿನ ನೋವು ಬ್ಯಾರೆ. ಅದಕ್ಕ ಹಿಂದಿನ ಶಾಕ್ ಅಬ್ಸಾರ್ಬರ್ ನೋಡ್ರಿ. ಇಲ್ಲಿ ಕಾಣ್ತದಲ್ಲ ಮೆಟ್ಟಲ ಮೆಟ್ಟಲ, ಇದು ಸ್ಪ್ರಿಂಗ್ ಬಿಗಿ ಮಾಡೋದು. ಹಿಂದ ಮಂದಿ ಕುಂದ್ರಿಸಿಕೊಂಡು ಹೋದಾಗ ಬಿಗಿ ಮಾಡಿಸಿರ್ತೀರಿ, ಒಬ್ರೇ ಹೋಗೋವಾಗ ಸಡಲ ಮಾಡೋದು ಮರೀತೀರಿ. ಎರಡೂ ಕಡಿ ಒಂದೇ ಮೆಟ್ಟಲ ಇರಬೇಕು. ಹವಾನೂ ಅಷ್ಟೇ: ಚೈನ್ ಕವರ್ ಇಲ್ಲಾ ಸ್ವಿಂಗ್‌ಆರ್ಮ್ (ಹಿಂದಿನ ಚಕ್ರ ಹಿಡಿಯೋ ತೋಳು) ಮ್ಯಾಲ ಸ್ಟಿಕರ್ ಇರ್ತದ, ಅದರಾಗಿದ್ದಷ್ಟೇ, ಟೈರ್ ತಣ್ಣಗಿದ್ದಾಗ. ಹೆಚ್ಚು ಹೊಡದ್ರ ಪ್ರತಿ ಕಲ್ಲೂ ಬೆನ್ನಿಗಿ ಗೊತ್ತಾಗ್ತದ.

ಇದು ನೋಡ್ರಿ, ಊರ ಮುಂದ ಬಣ್ಣಿಲ್ಲದ ಸ್ಪೀಡ್ ಬ್ರೇಕರ್! ಒಂದು ಆದಮ್ಯಾಲ ಒಂದು, ಯಾರು ಹಾಕ್ಯಾರೋ ಯಾಕ ಹಾಕ್ಯಾರೋ. ಕುಂತು ಹಾರಿದ್ರ ಏಟು ನೇರ ಟೊಂಕಿಗಿ. ಕಾಲಿಡೋ ಫುಟ್‌ರೆಸ್ಟ್ ಮ್ಯಾಲ ಭಾರ ಹಾಕಿ, ಮೊಣಕಾಲು ಟ್ಯಾಂಕಿಗಿ ಒತ್ತಿ, ಕುಂಡಿ ಎರಡು ಇಂಚು ಎತ್ರಿ ಸಾಕು. ಏಟು ಮೊಣಕಾಲು ತಗೋತದ, ಅದು ಮಡಚ್ಲಾಕ ಇರೋದೇ.

ಮುಂಗೈಗಿ ಬರೋಣು. ಯಾವ ಬೆರಳು ಜುಮ್ಮು ಹಿಡದದ ಅನ್ನೋದು ನೋಡ್ರಿ, ಅದರ ಮ್ಯಾಲ ಗೊತ್ತಾಗ್ತದ. ಕಿರಿಬೆರಳು, ಉಂಗುರ ಬೆರಳು ಇದ್ರ ಅಂಗೈ ಹೊರ ಅಂಚಿನ ಮ್ಯಾಲ ಭಾರ ಹಾಕಿ ಕುಂತೀರಿ, ಅಲ್ಲಿನ ನರ ಒತ್ತೇದ. ಹೆಬ್ಬೆರಳು, ತೋರುಬೆರಳು, ನಡುಬೆರಳು ಇದ್ರ ಮಣಿಕಟ್ಟು ಮ್ಯಾಲಕ್ಕ ಮುರದು ಹಿಡದೀರಿ. ಅದಕ್ಕ ಬ್ರೇಕ್, ಕ್ಲಚ್ ಲಿವರ್ ತಿರುಗಿಸ್ಬೇಕು. ಗಾಡಿ ಮ್ಯಾಲ ಕುಂತು ಕಣ್ಣು ಮುಚ್ಚಿ ಹ್ಯಾಂಡಲ್ ಹಿಡೀರಿ, ಬೆರಳು ನೀಟಾಗಿ ಚಾಚ್ರಿ. ಮೊಣಕೈಯಿಂದ ಬೆರಳ ತುದಿ ತನಕ ಒಂದೇ ಗೆರಿ ಇರಬೇಕು, ಲಿವರ್ ಆ ಗೆರಿಗಿ ಸಿಗಬೇಕು. ಕ್ಲ್ಯಾಂಪಿನ ಬೋಲ್ಟ್ ಹೆಚ್ಚಾಗಿ 10 ಎಂಎಂ ಪಾನಾದಾಗ ಬರ್ತದ. ಪೂರಾ ಬಿಚ್ಚಬ್ಯಾಡ್ರಿ, ತಿರುಗೋವಷ್ಟು ಸಡಲ ಮಾಡ್ರಿ. ಡಿಸ್ಕ್ ಬ್ರೇಕ್ ಕಡಿ ತಿರುಗಿಸಿದ ಮ್ಯಾಲ ಬ್ರೇಕ್ ಆಯಿಲ್ ಡಬ್ಬಿ ಸುಮಾರು ಸಪಾಟ ಇರಬೇಕು, ಎರಡು ಬೋಲ್ಟ್ ಇದ್ರ ಮೊದಲು ಮ್ಯಾಲಿಂದು ಬಿಗೀರಿ. ಕನ್ನಡಿ ಹೊಂದಾಣಿಕಿ ತಪ್ಪಿರ್ತದ, ಹೊಸದಾಗಿ ನೋಡ್ಕೋರಿ.

ಹೆಡಕಿಗಿ: ಬೆನ್ನ ಮ್ಯಾಲ ಬ್ಯಾಗ್ ಹಾಕ್ಕೊಂಡು ಗಾಡಿ ಹೊಡಿಯೋದು ಬಿಡ್ರಿ. ಹಿಂದಿನ ಸೀಟಿಗಿ ಕಟ್ರಿ, ರಬ್ಬರ್ ಹಗ್ಗ ಎರಡು ಅಡ್ಡ ಹಾಕಿ, ತುದಿ ಚಕ್ರಕ್ಕ ಜೋತಾಡದಂಗ. ಮನಿಗಿ ಬಂದು ಗೋಡಿಗಿ ಬೆನ್ನು ಹಚ್ಚಿ ನಿಂತು ಗದ್ದ ಒಳಗ ಎಳಕೋರಿ, ತಲಿ ಬಗ್ಗಿಸದೇ. 5 ಸೆಕೆಂಡ್ ಹಿಡದು ಬಿಡ್ರಿ, 10 ಸಲ.

ಟೊಂಕಿಗಿ ನಮ್ಮ ಮನಿ ಶಹಾಬಾದ್ ಫರಶಿನೇ ಸಾಕು, ಮ್ಯಾಟ್ ಇಲ್ಲಂದ್ರ ಚಾದರ ಹಾಸ್ರಿ. ಮಲಗಿ ಒಂದು ಮೊಣಕಾಲು ಎದಿಗಿ ಎಳಕೊಂಡು 30 ಸೆಕೆಂಡ್, ಎರಡೂ ಕಡಿ ಮೂರು ಮೂರು ಸಲ. ಆಮ್ಯಾಲ ಇದು, ಇದನ್ನ ಯಾರೂ ಮಾಡಂಗಿಲ್ಲ: ಒಂದು ಮೊಣಕಾಲು ನೆಲಕ್ಕ, ಇನ್ನೊಂದು ಪಾದ ಮುಂದ, ಟೊಂಕ ನೆಟ್ಟಗಿಟ್ಟು ಮುಂದ ಸರೀರಿ. ಹಿಂದಿನ ತೊಡಿ ಮುಂಭಾಗ ಜಗ್ಗಿದಂಗ ಆಗ್ಬೇಕು. ತಾಸುಗಟ್ಲೆ ಕುಂತು ಅಲ್ಲಿನ ಸ್ನಾಯು ಗಿಡ್ಡ ಆಗಿರ್ತದ, ಎದ್ದಾಗ ಟೊಂಕ ಮುಂದಕ್ಕ ಜಗ್ತದ. ಅರ್ಧ ಟೊಂಕ ನೋವು ಖರೇವಂದ್ರ ತೊಡಿದು. ಚುಚ್ಚಿದಂಗ ನೋವು ಬಂದ್ರ ನಿಂದ್ರಸ್ರಿ, ಜಗ್ಗಾಟ ಬ್ಯಾಡ. ಮಲಗೋವಾಗ ಮೊಣಕಾಲ ಕೆಳಗ ತಲದಿಂಬು, ಮಗ್ಗಲಾಗಿ ಮಲಗಿದ್ರ ಎರಡು ಮೊಣಕಾಲ ನಡುವ.

ಗುಳಿಗಿ. ದೊಡ್ಡೋರಿಗಿ ಪ್ಯಾರಾಸಿಟಮಾಲ್ 500 ಇಲ್ಲಾ 650, ನಾಕರಿಂದ ಆರು ತಾಸು ಅಂತರ ಇಟ್ಟು. ನೆಗಡಿ ಗುಳಿಗಿದಾಗೂ ಅದೇ ಇರ್ತದ, ಎರಡೂ ಕೂಡಿಸಿ ನುಂಗಬ್ಯಾಡ್ರಿ. ಲಿವರ್ ತ್ರಾಸ ಇದ್ದೋರು ಕೇಳದೇ ತಗೋಬ್ಯಾಡ್ರಿ. ಐಬುಪ್ರೊಫೆನ್, ಡೈಕ್ಲೋಫೆನಾಕ್ ಖಾಲಿ ಹೊಟ್ಟಿಗಿ ಬ್ಯಾಡ. ಬಿಸಿಲಾಗ ಒಣಗಿ ಬಂದು, ನೀರು ಕುಡಿಯೋದಕ್ಕೂ ಮೊದಲು ನುಂಗಿದ್ರ ಮೂತ್ರಪಿಂಡಕ್ಕ ಹೊಡ್ತ. ಅಲ್ಸರ್, ಕಿಡ್ನಿ ತ್ರಾಸ, ರಕ್ತ ತೆಳು ಮಾಡೋ ಗುಳಿಗಿ ಇದ್ದೋರು ಅವನ್ನ ಮುಟ್ಟಲೇಬ್ಯಾಡ್ರಿ. ಒಂದು ಇಂಜೆಕ್ಷನ್ ಚುಚ್ಚಿಸಿಕೊಂಡು ಮರುದಿನ ಯಾದಗಿರಿಗಿ ಗಾಡಿ ಎತ್ತೋದಂತೂ ದಡ್ಡತನ. ನೋವು ಮುಚ್ಚಿರ್ತದ, ಒಳಗ ಏನು ಅದ ಗೊತ್ತಾಗಂಗಿಲ್ಲ.

ಇವು ಕಂಡ್ರ ಮಾತ್ರ ಮನಿ ಮದ್ದು ಬಿಟ್ಟು ದವಾಖಾನಿಗಿ ನಡೀರಿ. ಸೀಟಿಗಿ ತಾಕೋ ಜಾಗ ಪೂರಾ ಜುಮ್ಮು ಹಿಡದು ಮೂತ್ರ ಬರದಂಗ ಆದ್ರ, ಇಲ್ಲಾ ಹಿಡತ ತಪ್ಪಿದ್ರ, ಕಾಲಾಗ ಬಲ ಇಲ್ಲದಂಗ ಆದ್ರ ರಾತ್ರಿ ಆದ್ರೂ ಕಾಯಬ್ಯಾಡ್ರಿ. ಒಂದೇ ಮೀನಖಂಡ ಬಾತು, ಬಿಸಿ ಆಗಿ ನೋಯ್ಲತ್ತಿದ್ರ ಅದನ್ನ ತಿಕ್ಕಬ್ಯಾಡ್ರಿ, ಒಳಗ ರಕ್ತ ಹೆಪ್ಪುಗಟ್ಟಿರಬಹುದು. ಬೆರಳು ಜುಮ್ಮು ವಾರ ಕಳದ್ರೂ ಬಿಡಲಿಲ್ಲಂದ್ರೂ ತೋರಸ್ರಿ.

ಬ್ಯಾಟರಿ ಕೆಂಪು ತೋರಸ್ಲತ್ತದ, ಕ್ಲಚ್ ಕೇಬಲ್ ಒಂದು ಉಳದದ, ಲಗೂನ ಮುಗಸ್ತೀನಿ. ಎಡ ಮುಂಗೈ ಅಷ್ಟೇ ನೋಯ್ತದಂದ್ರ ಕ್ಲಚ್ ಬಿಗಿ ಆಗೇದ. ವಾಡಿ, ಸೇಡಂ ಕಡಿ ಸಿಮೆಂಟ್ ಧೂಳಿನ ರೋಡಿನಾಗ ಓಡಾಡೋ ಗಾಡಿಗಿ ಇದು ಲಗೂನ ಆಗ್ತದ. ಲಿವರ್ ಕಡಿ ತುದಿ ಬಿಚ್ಚಿ ಕೇಬಲ್ ನೆಟ್ಟಗ ಹಿಡೀರಿ, ತೆಳು ಎಣ್ಣಿ ಹನಿ ಹನಿ ಬಿಡ್ರಿ, ಕೆಳಗಿನ ತುದಿದಿಂದ ಸ್ವಚ್ಛ ಎಣ್ಣಿ ಬರೋ ತನಕ. ಮೊದಲು ಕರೀ ರಾಡಿನೇ ಬರ್ತದ. ತಂತಿ ಒಂದು ಎಳಿ ಕಿತ್ತಿದ್ರೂ ಎಣ್ಣಿ ಬಿಡ್ಲಾಕ ಹೋಗಬ್ಯಾಡ್ರಿ, ಕೇಬಲ್ ಬದಲಿ ಮಾಡಸ್ರಿ. ಹೊಳ್ಳಿ ಹಾಕಿ ಲಿವರ್ ತುದಿದಾಗ 10ರಿಂದ 15 ಎಂಎಂ ಸಡಲ ಬಿಡ್ರಿ, ನಿಮ್ಮ ಗಾಡಿ ಮ್ಯಾನುವಲ್‌ದಾಗ ಬ್ಯಾರೆ ಇದ್ರ ಅದೇ ಖರೇ. ಹ್ಯಾಂಡಲ್ ಎರಡೂ ಕಡಿ ಪೂರಾ ತಿರುಗಿಸಿ ಕೇಬಲ್ ಎಲ್ಲೂ ಜಗ್ಗಂಗಿಲ್ಲ ಅಂತ ನೋಡಿ, ಆಮ್ಯಾಲ ಗಾಡಿ ಚಾಲೂ ಮಾಡ್ರಿ.